ಡೇಟಾ ಕದಿಯುವುದು ಹೇಗೆ, ಹಾಳು ಮಾಡುವುದು ಹೇಗೆ: ಮಾಲ್‌ವೇರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಲ್‌ವೇರ್ ಬಗ್ಗೆ ಕೇಳುವವರು ಎರಡು ವಿಷಯವನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಒಂದು ಡೇಟಾ ಕದಿಯುವುದು, ಇನ್ನೊಂದು ಡೇಟಾ ಹಾಳು ಮಾಡುವುದು. ಇವೆರಡೂ ಬೇರೆ ಬೇರೆ ತೊಂದರೆಗಳು, ಪರಿಹಾರವೂ ಬೇರೆ ಬೇರೆ. ಹಾಳಾದದ್ದನ್ನು ಬ್ಯಾಕಪ್‌ನಿಂದ ವಾಪಸ್ ತರಬಹುದು. ಕದ್ದುಹೋದದ್ದನ್ನು ಯಾವ ಬ್ಯಾಕಪ್ಪೂ ವಾಪಸ್ ತರುವುದಿಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಇದು ತಲೆಯಲ್ಲಿರಲಿ.

ವೈರಸ್, ಮಾಲ್‌ವೇರ್, ರ‍್ಯಾನ್ಸಮ್‌ವೇರ್, ಎಲ್ಲಾ ಒಂದೇನಾ?

ಮಾಲ್‌ವೇರ್ ಅನ್ನುವುದು ಎಲ್ಲಕ್ಕೂ ಸೇರಿದ ಹೆಸರು. ಕೆಟ್ಟ ಉದ್ದೇಶಕ್ಕೆ ಬರೆದ ಯಾವ ಪ್ರೋಗ್ರಾಂ ಆದರೂ ಮಾಲ್‌ವೇರೇ. ಬೇರೆ ಫೈಲ್‌ಗಳಿಗೆ ಅಂಟಿಕೊಂಡು ಹರಡಿದರೆ ವೈರಸ್. ಯಾರೂ ಏನೂ ಕ್ಲಿಕ್ ಮಾಡದಿದ್ದರೂ ನೆಟ್‌ವರ್ಕ್‌ನಲ್ಲಿ ತಾನೇ ಹರಡಿದರೆ ವರ್ಮ್. ಒಳ್ಳೆಯ ಸಾಫ್ಟ್‌ವೇರ್ ವೇಷದಲ್ಲಿ ಬಂದರೆ ಟ್ರೋಜನ್. ಗುಟ್ಟಾಗಿ ಮಾಹಿತಿ ಸಾಗಿಸಿದರೆ ಸ್ಟೀಲರ್, ಫೈಲ್‌ಗೆ ಬೀಗ ಹಾಕಿ ದುಡ್ಡು ಕೇಳಿದರೆ ರ‍್ಯಾನ್ಸಮ್‌ವೇರ್, ದುಡ್ಡೂ ಕೇಳದೆ ಅಳಿಸಿಹಾಕಿದರೆ ವೈಪರ್. ಒಂದೇ ಮಾಲ್‌ವೇರ್ ಎರಡು ಮೂರು ಕೆಲಸ ಮಾಡುವುದೂ ಉಂಟು. ಹಾಗಾಗಿ ಹೆಸರಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಡೇಟಾ ಕದ್ದರೆ ಗೊತ್ತಾಗುತ್ತದೆ ಅಲ್ವಾ? ಫೈಲ್ ಕಾಣೆಯಾಗಬೇಕಲ್ಲ?

ಕಾಣೆಯಾಗುವುದಿಲ್ಲ. ಡೇಟಾ ಕದಿಯುವುದು ಅಂದರೆ ಅದರ ಕಾಪಿ ಮಾಡಿಕೊಂಡು ಹೋಗುವುದು. ನಿಮ್ಮ ಫೈಲ್ ಇದ್ದ ಜಾಗದಲ್ಲೇ, ಇದ್ದ ಹೆಸರಿನಲ್ಲೇ ಇರುತ್ತದೆ. ಎಷ್ಟೋ ಸಲ ಕಂಪ್ಯೂಟರ್ ಸ್ವಲ್ಪವೂ ನಿಧಾನ ಆಗುವುದಿಲ್ಲ.

ದೊಡ್ಡ ಕಂಪನಿಗಳ ಕಥೆಯೂ ಇಷ್ಟೇ. ಅಮೆರಿಕದ ಕ್ರೆಡಿಟ್ ಮಾಹಿತಿ ಸಂಸ್ಥೆ ಈಕ್ವಿಫ್ಯಾಕ್ಸ್‌ಗೆ 2017ರ ಮೇ ತಿಂಗಳಲ್ಲಿ ನುಗ್ಗಿದವರು ಜುಲೈ ಕೊನೆವರೆಗೂ ಒಳಗೇ ಇದ್ದರು. ಸುಮಾರು 14.7 ಕೋಟಿ ಜನರ ವಿವರ ಹೋಯಿತು. ನೆಟ್‌ವರ್ಕ್ ಟ್ರಾಫಿಕ್ ತಪಾಸಣೆ ಮಾಡುವ ಸಾಧನ ಆ ಸಂಸ್ಥೆಯಲ್ಲಿ ಇತ್ತು. ಆದರೆ ಅದರ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಎನ್‌ಕ್ರಿಪ್ಟ್ ಆದ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬದಲಿಸಿದ ಟ್ರಾಫಿಕ್ ಅದರ ಕಣ್ಣಿಗೇ ಬೀಳುತ್ತಿರಲಿಲ್ಲ. ಹೊಸ ಸರ್ಟಿಫಿಕೇಟ್ ಹಾಕಿದ ಮೇಲಷ್ಟೇ ಅನುಮಾನದ ಓಡಾಟ ಕಾಣಿಸಿತು. ಕಳ್ಳರು ಒಳಗೆ ಬಂದದ್ದು ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರಿನ ದೋಷದಿಂದ. ಅದಕ್ಕೆ ಮಾರ್ಚ್‌ನಲ್ಲೇ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್ ಬಂದಿತ್ತು.

ಒಳಗೆ ಬರುವುದಾದರೂ ಹೇಗೆ?

ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ಸುರಿಸಿ ಕೋಡ್ ಒಡೆಯುವುದೆಲ್ಲ ತೆರೆಯ ಮೇಲೆ ಮಾತ್ರ. ನಿಜದಲ್ಲಿ ಹೆಚ್ಚಿನ ಸಲ ನಾವೇ ಬಾಗಿಲು ತೆಗೆದಿರುತ್ತೇವೆ.

ಈಚೆಗೆ ಜೋರಾಗಿರುವ ಒಂದು ತಂತ್ರ ನೋಡಿ. ಯಾವುದೋ ಪೇಜ್ ತೆರೆಯುತ್ತೀರಿ. 'ನೀವು ರೋಬಾಟ್ ಅಲ್ಲ ಎಂದು ಖಚಿತಪಡಿಸಿ' ಎಂಬ ಚೌಕ ಬರುತ್ತದೆ. ಟಿಕ್ ಮಾಡುತ್ತೀರಿ. ಆಗ ಮೂರು ಸಾಲಿನ ಸೂಚನೆ ಕಾಣಿಸುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಜೊತೆ ವಿ ಒತ್ತಿ, ಕೊನೆಗೆ ಎಂಟರ್ ಒತ್ತಿ. ನೀವು ಟಿಕ್ ಮಾಡಿದಾಗಲೇ ಆ ಪೇಜ್ ಒಂದು ಕಮಾಂಡನ್ನು ನಿಮ್ಮ ಕ್ಲಿಪ್‌ಬೋರ್ಡಿಗೆ ಸೇರಿಸಿರುತ್ತದೆ. ಹೇಳಿದಂತೆ ಒತ್ತುತ್ತಾ ಹೋದರೆ ಮಾಲ್‌ವೇರನ್ನು ನಿಮ್ಮ ಕೈಯಾರೆ ಇಳಿಸಿ ಓಡಿಸಿದ ಹಾಗಾಯಿತು. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ತೆರೆಯುವುದು ಕಮಾಂಡ್ ಓಡಿಸುವ ರನ್ ಬಾಕ್ಸ್. ನಿಜವಾದ ಯಾವ ಕ್ಯಾಪ್ಚಾ (ರೋಬಾಟ್ ಅಲ್ಲ ಎಂಬ ಪರೀಕ್ಷೆ) ಕೂಡ ಅದನ್ನು ತೆರೆಯಿರಿ ಅನ್ನುವುದಿಲ್ಲ. ಇದೊಂದು ನೆನಪಿದ್ದರೆ ಸಾಕು.

ಮಿಕ್ಕ ದಾರಿಗಳು ಹಳೆಯವೇ. ಬಿಲ್ಲು, ಕೊರಿಯರ್ ರಸೀದಿ ಅಂತ ಬರುವ ಮೇಲ್ ಅಟ್ಯಾಚ್‌ಮೆಂಟ್. ಪಿಡಿಎಫ್ ಥರ ಕಾಣುವ, ಆದರೆ ನಿಜದಲ್ಲಿ ಪ್ರೋಗ್ರಾಂ ಆಗಿರುವ ಫೈಲ್. ವಿಂಡೋಸ್ ಫೈಲ್ ಹೆಸರಿನ ಕೊನೆಯ ಭಾಗವನ್ನು ತಾನಾಗಿಯೇ ಮರೆಮಾಡುವುದರಿಂದ ಈ ಮೋಸ ಇನ್ನೂ ನಡೆಯುತ್ತಿದೆ. ಆ ಸೆಟ್ಟಿಂಗ್ ಇವತ್ತೇ ಬದಲಾಯಿಸಿ. ಪುಕ್ಕಟೆ ಸಿಗುವ ಕ್ರ್ಯಾಕ್ ಸಾಫ್ಟ್‌ವೇರ್ ಅಂತೂ ಸ್ಟೀಲರ್‌ಗಳ ತವರುಮನೆ. ಅದನ್ನು ಹಾಕುವಾಗ 'ಮೊದಲು ಆಂಟಿವೈರಸ್ ಆಫ್ ಮಾಡಿ' ಎಂದು ಬರೆದಿರುತ್ತಾರೆ, ನಾವೂ ಮಾಡುತ್ತೇವೆ.

ಇನ್ನು ಕಂಪನಿಗಳ ವಿಷಯ. ಪ್ಯಾಚ್ ಹಾಕದ ಸರ್ವರ್, ಓಟಿಪಿಯಂಥ ಎರಡನೇ ಹಂತದ ಪರಿಶೀಲನೆ ಇಲ್ಲದ ವಿಪಿಎನ್ (ಹೊರಗಿನಿಂದ ಕಚೇರಿ ನೆಟ್‌ವರ್ಕ್ ಸೇರುವ) ಖಾತೆ, ಸಾಮಾನು ಪೂರೈಸುವವರ ಲಾಗಿನ್, ಇವು ಮಾಮೂಲಿ ದಾರಿಗಳು. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳ ಜಾಲದಿಂದ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಹೋಯಿತು. ಕಳ್ಳರಿಗೆ ಸಿಕ್ಕಿದ್ದು ಏಸಿ, ಫ್ರಿಜ್ ಕೆಲಸ ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರರ ಲಾಗಿನ್. ಅಲ್ಲಿಂದ ಬಿಲ್ಲಿಂಗ್ ಯಂತ್ರಗಳವರೆಗೆ ತಲುಪಿದರು. ಕಾರ್ಡ್ ಉಜ್ಜಿದಾಗ ಅದರ ವಿವರ ಯಂತ್ರದ ಮೆಮೊರಿಯಲ್ಲಿ ಒಂದು ಕ್ಷಣ ಎನ್‌ಕ್ರಿಪ್ಟ್ ಆಗದೆ ಇರುತ್ತದೆ. ಮಾಲ್‌ವೇರ್ ಆ ಕ್ಷಣಕ್ಕೇ ಕಾದು ಕುಳಿತಿತ್ತು.

ಸ್ಟೀಲರ್ ಏನೇನು ತೆಗೆದುಕೊಂಡು ಹೋಗುತ್ತದೆ?

ನನ್ನ ಮಟ್ಟಿಗೆ ಮನೆ ಬಳಕೆದಾರರು ರ‍್ಯಾನ್ಸಮ್‌ವೇರ್‌ಗಿಂತ ಹೆಚ್ಚು ಹೆದರಬೇಕಾದದ್ದು ಇದಕ್ಕೆ. ರೆಡ್‌ಲೈನ್, ರಕೂನ್, ಲುಮ್ಮಾ ಇಂಥವು. ಇವನ್ನು ತಿಂಗಳ ಬಾಡಿಗೆಗೆ ಕೊಡುತ್ತಾರೆ. ಬಾಡಿಗೆಗೆ ಪಡೆದವನಿಗೆ ಕೋಡಿಂಗ್ ಬರಬೇಕು ಅಂತೇನೂ ಇಲ್ಲ.

ಇದು ಕೆಲಸ ಮುಗಿಸಲು ಹೆಚ್ಚು ಹೊತ್ತು ಬೇಡ. ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿಯೇ ಇರುತ್ತವೆ, ಸರಿ. ಆದರೆ ಅದನ್ನು ಬಿಚ್ಚುವ ಕೀ ನಿಮ್ಮ ವಿಂಡೋಸ್ ಲಾಗಿನ್‌ಗೆ ಕಟ್ಟಿದ್ದು. ಮಾಲ್‌ವೇರ್ ಓಡುವುದೂ ನಿಮ್ಮ ಲಾಗಿನ್‌ನಲ್ಲೇ. ಹಾಗಾಗಿ 'ಬಿಚ್ಚಿಕೊಡು' ಅಂದರೆ ವಿಂಡೋಸ್ ಬಿಚ್ಚಿಕೊಡುತ್ತದೆ. 2024ರಲ್ಲಿ ಕ್ರೋಮ್ ಇದಕ್ಕೆ ಇನ್ನೊಂದು ತಡೆ ಸೇರಿಸಿತು. ಕೆಲವೇ ವಾರಗಳಲ್ಲಿ ಸ್ಟೀಲರ್ ಬರೆಯುವವರು ಅದಕ್ಕೂ ದಾರಿ ಹುಡುಕಿಕೊಂಡರು.

ಕದ್ದದ್ದನ್ನೆಲ್ಲ ಒಂದು ಜಿಪ್ ಫೈಲ್ ಮಾಡಿ ಕಳಿಸುತ್ತದೆ. ಕಳ್ಳಮಾರುಕಟ್ಟೆಯಲ್ಲಿ ಇದನ್ನು 'ಲಾಗ್' ಅನ್ನುತ್ತಾರೆ. ಒಂದು ಲಾಗ್ ಬಿಚ್ಚಿದರೆ ಏನಿರುತ್ತದೆ? ಪಾಸ್‌ವರ್ಡ್‌ಗಳ ಒಂದು ಟೆಕ್ಸ್ಟ್ ಫೈಲ್: ವಿಳಾಸ, ಬಳಕೆದಾರರ ಹೆಸರು, ಪಾಸ್‌ವರ್ಡ್, ಹೀಗೆ ಸಾಲುಸಾಲಾಗಿ. ಕುಕೀಗಳ ಒಂದು ಫೋಲ್ಡರ್. ಫಾರಂಗಳಲ್ಲಿ ತುಂಬಿದ ಹೆಸರು, ವಿಳಾಸ, ಫೋನ್ ನಂಬರ್. ಕ್ರಿಪ್ಟೋ ವ್ಯಾಲೆಟ್ ಇದ್ದರೆ ಅದೂ. ಡೆಸ್ಕ್‌ಟಾಪ್ ಮೇಲೆ 'ಪಾಸ್‌ವರ್ಡ್' ಎಂಬ ಹೆಸರಿನಲ್ಲಿ ಇಟ್ಟ ನೋಟ್‌ಪ್ಯಾಡ್ ಫೈಲ್. ಮತ್ತೆ ಆ ಗಳಿಗೆಯಲ್ಲಿ ನಿಮ್ಮ ಪರದೆ ಹೇಗಿತ್ತು ಎಂಬ ಒಂದು ಸ್ಕ್ರೀನ್‌ಶಾಟ್. ಕೆಲಸ ಮುಗಿದ ಮೇಲೆ ಎಷ್ಟೋ ಸ್ಟೀಲರ್‌ಗಳು ತಮ್ಮನ್ನೇ ಅಳಿಸಿಕೊಳ್ಳುತ್ತವೆ. ಮಾರನೇ ದಿನ ಸ್ಕ್ಯಾನ್ ಮಾಡಿದರೆ 'ಯಾವ ತೊಂದರೆಯೂ ಇಲ್ಲ' ಅಂತ ಬರಬಹುದು.

ಈ ಲಾಗ್‌ಗಳು ಹಳಸುವುದೂ ಇಲ್ಲ. 2024ರಲ್ಲಿ ಸ್ನೋಫ್ಲೇಕ್ ಎಂಬ ಡೇಟಾ ಸೇವೆಯ ಸುಮಾರು 165 ಗ್ರಾಹಕ ಸಂಸ್ಥೆಗಳು ಅಪಾಯಕ್ಕೆ ಸಿಕ್ಕಿಕೊಂಡವು. ಬಳಕೆಯಾದ ಪಾಸ್‌ವರ್ಡ್‌ಗಳಲ್ಲಿ ಕೆಲವು 2020ರಲ್ಲೇ ಸ್ಟೀಲರ್ ಕೈಗೆ ಸಿಕ್ಕಿದ್ದವು. ಅಷ್ಟು ವರ್ಷ ಯಾರೂ ಬದಲಾಯಿಸಿರಲಿಲ್ಲ, ಎರಡನೇ ಹಂತದ ಪರಿಶೀಲನೆಯೂ ಇರಲಿಲ್ಲ.

ನನ್ನ ಖಾತೆಗೆ ಓಟಿಪಿ ಇದೆ. ಪಾಸ್‌ವರ್ಡ್ ಹೋದರೆ ಏನಂತೆ?

ಪಾಸ್‌ವರ್ಡ್ ಮಾತ್ರ ಹೋಗಿದ್ದರೆ ಓಟಿಪಿ ಕಾಪಾಡುತ್ತದೆ. ಕುಕೀ ಹೋಗಿದ್ದರೆ ಕಾಪಾಡುವುದಿಲ್ಲ. ಒಮ್ಮೆ ಲಾಗಿನ್ ಆದ ಮೇಲೆ ಪ್ರತಿ ಸಲ ಕೇಳಬಾರದು ಅಂತ ಸೈಟ್ ನಿಮ್ಮ ಬ್ರೌಸರ್‌ಗೆ ಒಂದು ಸೆಷನ್ ಕುಕೀ ಕೊಟ್ಟಿರುತ್ತದೆ. ಕಳ್ಳ ಅದನ್ನು ತನ್ನ ಬ್ರೌಸರ್‌ಗೆ ಹಾಕಿಕೊಂಡರೆ, ಸೈಟ್ ಕಣ್ಣಿಗೆ ಅವನೇ ನೀವು. ಓಟಿಪಿ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಅನುಮಾನ ಬಂದಾಗ ಪಾಸ್‌ವರ್ಡ್ ಬದಲಾಯಿಸಿ ಸುಮ್ನೆ ಕೂರಬೇಡಿ. 'ಎಲ್ಲ ಸಾಧನಗಳಿಂದ ಲಾಗೌಟ್' ಎಂಬುದನ್ನೂ ಒತ್ತಿ. ಹಳೆಯ ಕುಕೀ ಕೆಲಸಕ್ಕೆ ಬಾರದಂತೆ ಮಾಡುವುದು ಅದೇ.

ಹಾಗಂತ ಓಟಿಪಿ ತೆಗೆದುಹಾಕಬೇಡಿ. ಅದಿಲ್ಲದ ಖಾತೆಗಳೇ ಮೊದಲು ಹೋಗುವುದು.

ಕಂಪನಿಯ ನೆಟ್‌ವರ್ಕ್‌ಗೆ ಬಂದವರು ತಕ್ಷಣ ಎಲ್ಲ ಲಾಕ್ ಮಾಡುತ್ತಾರಾ?

ಇಲ್ಲ. ಮೊದಲು ಸದ್ದಿಲ್ಲದೆ ಓಡಾಡುತ್ತಾರೆ. ಯಾವ ಸರ್ವರ್‌ನಲ್ಲಿ ಏನಿದೆ, ಅಡ್ಮಿನ್ ಯಾರು, ಬ್ಯಾಕಪ್ ಎಲ್ಲಿದೆ ಎಂದು ನೋಡಿಕೊಳ್ಳುತ್ತಾರೆ. ಒಂದು ಸಾಮಾನ್ಯ ಖಾತೆಯಿಂದ ಶುರುಮಾಡಿ, ಮೆಮೊರಿಯಲ್ಲಿ ಉಳಿದ ಪಾಸ್‌ವರ್ಡ್ ಗುರುತುಗಳನ್ನು ಹೆಕ್ಕಿ, ಡೊಮೈನ್ ಅಡ್ಮಿನ್ ಹಂತಕ್ಕೆ ಏರುತ್ತಾರೆ. ಅದು ಸಿಕ್ಕಿತೆಂದರೆ ಇಡೀ ನೆಟ್‌ವರ್ಕ್ ಅವರದೇ. ಇದಕ್ಕೆ ಅವರು ಬಳಸುವ ಸಾಧನಗಳಲ್ಲಿ ಎಷ್ಟೋ ನಿಮ್ಮ ಐಟಿ ವಿಭಾಗವೂ ದಿನಾ ಬಳಸುವಂಥವು. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಆಮೇಲೆ ಡೇಟಾ ಹೊರಗೆ ಸಾಗಿಸುತ್ತಾರೆ. ಆರ್‌ಕ್ಲೋನ್‌ನಂಥ ಮಾಮೂಲಿ ಸಾಫ್ಟ್‌ವೇರ್ ಬಳಸಿ ಯಾವುದೋ ಕ್ಲೌಡ್ ಸ್ಟೋರೇಜ್‌ಗೆ ಏರಿಸುತ್ತಾರೆ. ಆಮೇಲೆ ಬ್ಯಾಕಪ್ ಅಳಿಸುತ್ತಾರೆ, ವಿಂಡೋಸ್ ತಾನೇ ಇಟ್ಟುಕೊಂಡ ಫೈಲ್‌ಗಳ ಹಳೆಯ ಪ್ರತಿಗಳನ್ನೂ (ಶ್ಯಾಡೋ ಕಾಪಿ) ಅಳಿಸುತ್ತಾರೆ. ಎನ್‌ಕ್ರಿಪ್ಷನ್ ಕಟ್ಟಕಡೆಯ ಹೆಜ್ಜೆ. ಅದನ್ನೂ ಹೆಚ್ಚಾಗಿ ರಾತ್ರಿಯೋ ರಜೆಯಲ್ಲೋ ಶುರುಮಾಡುತ್ತಾರೆ, ನೋಡಿಕೊಳ್ಳುವವರು ಕಡಿಮೆ ಇರುವ ಹೊತ್ತು ನೋಡಿ. ಪರದೆ ಮೇಲೆ ಬೆದರಿಕೆ ಪತ್ರ ಕಾಣಿಸುವ ಹೊತ್ತಿಗೆ ಕಳ್ಳತನ ಮುಗಿದು ದಿನಗಳೇ ಆಗಿರಬಹುದು.

ಲಾಕ್ ಆದ ಫೈಲ್‌ಗಳನ್ನು ನಾವೇ ಬಿಚ್ಚೋಕಾಗಲ್ವಾ?

ಮೊದಲ ಕಾಲದಲ್ಲಿ ಆಗುತ್ತಿತ್ತು. 1989ರಲ್ಲಿ ಏಡ್ಸ್ ಕುರಿತ ಮಾಹಿತಿ ಅಂತ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿದ್ದರು. ಫ್ಲಾಪಿ ಹಾಕಿಕೊಂಡ ಕಂಪ್ಯೂಟರನ್ನು 90 ಸಲ ಆನ್ ಮಾಡಿದ ಮೇಲೆ ಫೈಲ್ ಹೆಸರುಗಳೆಲ್ಲ ಕಲಸುಮೇಲೋಗರವಾಗುತ್ತಿದ್ದವು. ಪನಾಮಾದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಬೇಕಿತ್ತು. ಬೀಗ ಹಾಕಿದ ಕೀ ಆ ಪ್ರೋಗ್ರಾಂ ಒಳಗೇ ಇತ್ತು, ತಿಳಿದವರು ತೆಗೆದುಬಿಟ್ಟರು.

2013ರ ಕ್ರಿಪ್ಟೋಲಾಕರ್ ಹೊತ್ತಿಗೆ ಆಟ ಬದಲಾಯಿತು. ಈಗಿನ ರ‍್ಯಾನ್ಸಮ್‌ವೇರ್ ಫೈಲ್‌ಗಳನ್ನು ಒಂದು ವೇಗದ ಕೀಯಿಂದ ಲಾಕ್ ಮಾಡಿ, ಆ ಕೀಯನ್ನು ಇನ್ನೊಂದು ಪಬ್ಲಿಕ್ ಕೀಯಿಂದ ಲಾಕ್ ಮಾಡುತ್ತದೆ. ಪಬ್ಲಿಕ್ ಕೀ ಬೀಗ ಹಾಕಲು ಮಾತ್ರ, ಅದರ ಜೋಡಿಯಾದ ಪ್ರೈವೇಟ್ ಕೀ ಮಾತ್ರ ಬಿಚ್ಚಬಲ್ಲದು. ಬಿಚ್ಚುವ ಪ್ರೈವೇಟ್ ಕೀ ನಿಮ್ಮ ಕಂಪ್ಯೂಟರ್‌ಗೆ ಬರುವುದೇ ಇಲ್ಲ. ಸರಿಯಾಗಿ ಬರೆದದ್ದಾದರೆ ಊಹಿಸಿ ತೆಗೆಯುವುದು ಆಗದ ಮಾತು. ಆದರೆ ಎಲ್ಲರೂ ಸರಿಯಾಗಿ ಬರೆಯುವುದಿಲ್ಲ. ಕೆಲವು ಗುಂಪುಗಳ ಕೀಗಳು ಪೊಲೀಸರ ಕೈಗೂ ಸಿಕ್ಕಿವೆ. 2016ರಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಕೆಲವು ಭದ್ರತಾ ಕಂಪನಿಗಳು ಸೇರಿ 'ನೋ ಮೋರ್ ರ‍್ಯಾನ್ಸಮ್' ಶುರುಮಾಡಿದರು. ಅಲ್ಲಿ ಬಿಚ್ಚುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಲಾಕ್ ಆದ ಫೈಲ್‌ಗಳನ್ನು ಎಸೆಯಬೇಡಿ, ಒಂದು ಡಿಸ್ಕ್‌ಗೆ ಹಾಕಿಡಿ. ಇವತ್ತು ಇಲ್ಲದ ಕೀ ಮುಂದೊಂದು ದಿನ ಸಿಗಬಹುದು.

ದುಡ್ಡು ಕೊಟ್ಟುಬಿಟ್ಟರೆ?

ಕೊಟ್ಟವರ ಅನುಭವ ಅಷ್ಟೇನೂ ಚೆನ್ನಾಗಿಲ್ಲ. 2021ರ ಮೇ ತಿಂಗಳಲ್ಲಿ ಫೈಲ್‌ಗಳು ಲಾಕ್ ಆದ ಅಮೆರಿಕದ ಇಂಧನ ಸಾಗಣೆ ಕಂಪನಿ ಕಲೋನಿಯಲ್ ಪೈಪ್‌ಲೈನ್ 75 ಬಿಟ್‌ಕಾಯಿನ್ ಕೊಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್. ಬದಲಿಗೆ ಬಂದ ಬಿಚ್ಚುವ ಸಾಧನ ಎಷ್ಟು ನಿಧಾನವಾಗಿತ್ತೆಂದರೆ ಕಂಪನಿ ತನ್ನ ಬ್ಯಾಕಪ್‌ಗಳನ್ನೂ ನೆಚ್ಚಬೇಕಾಯಿತು. ಕೊಟ್ಟದ್ದರಲ್ಲಿ 63.7 ಬಿಟ್‌ಕಾಯಿನ್‌ಗಳನ್ನು ಎಫ್‌ಬಿಐ ವಾಪಸ್ ಪಡೆಯಿತು, ಆದರೆ ಆ ಅದೃಷ್ಟ ಎಲ್ಲರಿಗೂ ಇರಲ್ಲ.

ಅಮೆರಿಕದಲ್ಲಿ ಆಸ್ಪತ್ರೆ ಬಿಲ್ಲುಗಳ ಕೆಲಸ ನೋಡಿಕೊಳ್ಳುವ ಚೇಂಜ್ ಹೆಲ್ತ್‌ಕೇರ್ ಕಂಪನಿಯ 2024ರ ಪ್ರಕರಣ ಇನ್ನೂ ಬೇಸರದ್ದು. 2.2 ಕೋಟಿ ಡಾಲರ್ ಕೊಟ್ಟರು. ದುಡ್ಡು ಕೈಸೇರಿದ ಮೇಲೆ ರ‍್ಯಾನ್ಸಮ್‌ವೇರ್ ಗುಂಪಿನ ಮುಖ್ಯಸ್ಥರು ಅಂಗಡಿ ಮುಚ್ಚಿಕೊಂಡು ಪರಾರಿ. ದಾಳಿ ಮಾಡಿದವನಿಗೆ ಪಾಲು ಸಿಗಲಿಲ್ಲ ಎಂಬ ಜಗಳ ಎದ್ದಿತು. ಅದೇ ಡೇಟಾ ಇಟ್ಟುಕೊಂಡು ಇನ್ನೊಂದು ಗುಂಪು ಮತ್ತೆ ದುಡ್ಡು ಕೇಳಿತು. ಅದೇ ವರ್ಷದ ಫೆಬ್ರವರಿಯಲ್ಲಿ ಲಾಕ್‌ಬಿಟ್ ಗುಂಪಿನ ಸರ್ವರ್‌ಗಳನ್ನು ಪೊಲೀಸರು ವಶಕ್ಕೆ ಪಡೆದಾಗ, ದುಡ್ಡು ಕೊಟ್ಟವರ ಡೇಟಾ ಕೂಡ ಅಲ್ಲಿ ಹಾಗೇ ಇತ್ತು. 'ಅಳಿಸಿದ್ದೇವೆ' ಎಂಬ ಕಳ್ಳನ ಮಾತಿಗೆ ಬೆಲೆ ಎಷ್ಟು ಅಂತ ನೀವೇ ಹೇಳಿ.

ದುಡ್ಡೂ ಕೇಳದೆ ಡೇಟಾ ಅಳಿಸುವುದರಿಂದ ಯಾರಿಗೆ ಲಾಭ?

ದೇಶಗಳ ನಡುವಿನ ಜಗಳ, ಸೇಡು, ಸಾಕ್ಷಿ ನಾಶ, ಕೆಲವೊಮ್ಮೆ ಸುಮ್ನೆ ಕಿಡಿಗೇಡಿತನ. ಸಿಐಎಚ್ ಎಂಬ ವೈರಸ್ 1999ರ ಏಪ್ರಿಲ್ 26ರಂದು ಹಾರ್ಡ್‌ಡಿಸ್ಕಿನ ಆರಂಭದ ಭಾಗದ ಮೇಲೆ ಕಸ ಬರೆಯಿತು. ಕೆಲವು ಕಂಪ್ಯೂಟರ್‌ಗಳನ್ನು ಶುರುಮಾಡಿಸುವ ಬಯೋಸ್ ಚಿಪ್ಪನ್ನೂ ಕೆಡಿಸಿತು, ಅವು ಆನ್ ಆಗುವುದೇ ನಿಂತುಹೋಯಿತು. 2012ರ ಆಗಸ್ಟ್‌ನಲ್ಲಿ ಶಮೂನ್ ಎಂಬ ವೈಪರ್ ಸೌದಿ ಅರಾಮ್ಕೋದ ಸುಮಾರು 30,000 ಕಂಪ್ಯೂಟರ್‌ಗಳ ಫೈಲ್‌ಗಳ ಮೇಲೆ ಉರಿಯುವ ಅಮೆರಿಕದ ಬಾವುಟದ ಚಿತ್ರದ ತುಣುಕನ್ನು ಬರೆಯಿತು.

ಎಲ್ಲಕ್ಕಿಂತ ಕೆಟ್ಟದ್ದು 2017ರ ಜೂನ್ 27ರ ನಾಟ್‌ಪೆಟ್ಯಾ. ಉಕ್ರೇನ್‌ನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಎಂ.ಇ.ಡಾಕ್ ಎಂಬ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ ಅದು ಬಂತು. ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗಿ, ಡಿಸ್ಕ್ ರಿಪೇರಿ ನಡೆಯುತ್ತಿದೆ, ಆಫ್ ಮಾಡಬೇಡಿ ಎಂದು ಪರದೆ ಹೇಳುತ್ತಿತ್ತು. ಶೇಕಡಾವಾರು ಅಂಕಿ ಏರುತ್ತಾ ಹೋಗುತ್ತಿತ್ತು. ನಿಜದಲ್ಲಿ ಆ ಅಂಕಿ ತೋರಿಸುತ್ತಿದ್ದದ್ದು ಡಿಸ್ಕಿನ ಫೈಲ್ ಪಟ್ಟಿ ಎಷ್ಟು ಹಾಳಾಯಿತು ಎಂಬುದನ್ನು. ಕೊನೆಗೆ 300 ಡಾಲರ್ ಕೇಳುವ ಪತ್ರ. ಅದೂ ನಾಟಕವೇ. ಪತ್ರದಲ್ಲಿದ್ದ ಗುರುತಿನ ಕೀ ಬರೀ ಮನಸ್ಸಿಗೆ ಬಂದ ಅಕ್ಷರಗಳು, ಅದರಿಂದ ಏನನ್ನೂ ಬಿಚ್ಚಲು ಸಾಧ್ಯವಿರಲಿಲ್ಲ.

ಡೆನ್ಮಾರ್ಕ್‌ನ ಹಡಗು ಕಂಪನಿ ಮಾರ್ಸ್ಕ್ 10 ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಅದಕ್ಕೆ ಬೇಕಾದ ಡೊಮೈನ್ ಕಂಟ್ರೋಲರ್‌ಗಳು, ಅಂದರೆ ನೆಟ್‌ವರ್ಕ್‌ನ ಬಳಕೆದಾರರ ಪಟ್ಟಿ ಮತ್ತು ಅನುಮತಿಗಳನ್ನು ಇಟ್ಟುಕೊಂಡ ಸರ್ವರ್‌ಗಳು, ಜಗತ್ತಿನಾದ್ಯಂತ ಇದ್ದವು. ಒಂದು ಹೋದರೆ ಇನ್ನೊಂದು ಇದೆ ಎಂಬ ಧೈರ್ಯ. ಎಲ್ಲವೂ ಒಟ್ಟಿಗೆ ಹೋಗಬಹುದು ಅಂತ ಯಾರು ಎಣಿಸಿದ್ದರು? ಉಳಿದದ್ದು ಒಂದೇ, ಘಾನಾದಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ಆ ಯಂತ್ರ ನೆಟ್‌ವರ್ಕ್‌ನಿಂದ ಕಡಿದುಹೋಗಿತ್ತು. ಅದರ ಡೇಟಾವನ್ನು ವಿಮಾನದಲ್ಲಿ ಕೈಯಲ್ಲೇ ಹಿಡಿದು ನೈಜೀರಿಯಾ ಮೂಲಕ ಇಂಗ್ಲೆಂಡಿಗೆ ತಂದರು.

ಅಳಿಸಿದ್ದನ್ನು ರಿಕವರಿ ಸಾಫ್ಟ್‌ವೇರ್‌ನಿಂದ ತರಬಹುದಲ್ಲ?

ಸಾಮಾನ್ಯ ಡಿಲೀಟ್ ಅಂದರೆ ಪುಸ್ತಕದ ಪರಿವಿಡಿಯಲ್ಲಿ ಒಂದು ಅಧ್ಯಾಯದ ಹೆಸರು ಹೊಡೆದುಹಾಕಿದ ಹಾಗೆ. ಪುಟಗಳು ಒಳಗೇ ಇರುತ್ತವೆ, ಹುಡುಕಿದರೆ ಸಿಗುತ್ತವೆ. ವೈಪರ್ ಆ ಪುಟಗಳ ಮೇಲೇ ಬೇರೆ ಬರೆಯುತ್ತದೆ. ಹಾಗೆ ಬರೆದದ್ದನ್ನು ಯಾವ ಸಾಫ್ಟ್‌ವೇರ್ ಕೂಡ ತರುವುದಿಲ್ಲ. ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ (ಚಿಪ್ ಬಳಸುವ ಡ್ರೈವ್) ಆದರೆ ಸಾಮಾನ್ಯವಾಗಿ ಡಿಲೀಟ್ ಮಾಡಿದ್ದನ್ನು ತರುವುದೂ ಕಷ್ಟವೇ. ಅಳಿಸಿದ ಜಾಗವನ್ನು ಡ್ರೈವ್ ತಾನೇ ಖಾಲಿ ಮಾಡಿಕೊಳ್ಳುತ್ತದೆ.

ಬ್ಯಾಕಪ್ ಇದೆ. ಇನ್ನೇನು ಭಯ?

ಆ ಬ್ಯಾಕಪ್ ಎಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ಯಾವಾಗಲೂ ಕಂಪ್ಯೂಟರ್‌ಗೆ ಚುಚ್ಚಿಟ್ಟ ಹಾರ್ಡ್‌ಡಿಸ್ಕ್ ರ‍್ಯಾನ್ಸಮ್‌ವೇರ್ ಕಣ್ಣಿಗೆ ಇನ್ನೊಂದು ಡ್ರೈವ್ ಅಷ್ಟೇ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಥರದ ಸಿಂಕ್ ಸೇವೆ ಬ್ಯಾಕಪ್ ಅಲ್ಲ, ಇಲ್ಲಿ ಹಾಳಾದ ಫೈಲ್ ಅಲ್ಲಿಗೂ ನಿಯತ್ತಾಗಿ ಹೋಗುತ್ತದೆ. ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುವ ಸೌಲಭ್ಯ ಇದ್ದರೆ ಸ್ವಲ್ಪ ಪರವಾಗಿಲ್ಲ.

2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಅಮೆಜಾನ್ ಕ್ಲೌಡ್ ಕಂಟ್ರೋಲ್ ಪ್ಯಾನೆಲ್ ಒಬ್ಬನ ಕೈಗೆ ಸಿಕ್ಕಿತು. ಅವನು ದುಡ್ಡು ಕೇಳಿದ. ಇವರು ಪಾಸ್‌ವರ್ಡ್ ಬದಲಾಯಿಸಲು ಹೊರಟದ್ದನ್ನು ಕಂಡು ಒಂದೊಂದಾಗಿ ಅಳಿಸತೊಡಗಿದ. ಬ್ಯಾಕಪ್‌ಗಳೂ ಬಹುಮಟ್ಟಿಗೆ ಅದೇ ಪ್ಯಾನೆಲ್ ಅಡಿಯಲ್ಲಿದ್ದವು. ಕಂಪನಿಯೇ ಮುಚ್ಚಿಹೋಯಿತು.

ಹಾಗಾಗಿ 3-2-1 ಲೆಕ್ಕ ಹಿಡಿಯಿರಿ: ಮೂರು ಕಾಪಿ, ಎರಡು ಬೇರೆ ಬೇರೆ ಥರದ ಸ್ಟೋರೇಜ್, ಒಂದು ಬೇರೆ ಜಾಗದಲ್ಲಿ. ಇದಕ್ಕೆ ನಾನು ಒಂದು ಸೇರಿಸುತ್ತೇನೆ. ಒಂದು ಕಾಪಿಯಾದರೂ ವೈರ್ ಕಿತ್ತು ಇಟ್ಟಿರಬೇಕು. ಮತ್ತೆ ಬ್ಯಾಕಪ್‌ನಿಂದ ಫೈಲ್ ವಾಪಸ್ ತಂದು ನೋಡಿ. 2017ರ ಜನವರಿ 31ರಂದು ಪ್ರೋಗ್ರಾಂ ಕೋಡ್ ಇಟ್ಟುಕೊಳ್ಳುವ ಸೇವೆ ಗಿಟ್‌ಲ್ಯಾಬ್‌ನಲ್ಲಿ ಯಾವ ದಾಳಿಯೂ ಇಲ್ಲದೆ, ಒಬ್ಬ ಉದ್ಯೋಗಿಯ ಕೈತಪ್ಪಿನಿಂದ ಡೇಟಾಬೇಸ್ ಅಳಿದುಹೋಯಿತು. ಬ್ಯಾಕಪ್ ವ್ಯವಸ್ಥೆಗಳು ಒಂದಲ್ಲ ಹಲವು ಇದ್ದವು. ನೋಡಿದರೆ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಕಾಪಿ ಸಿಕ್ಕಿತು.

ನಾವು ಸಣ್ಣವರು, ನಮ್ಮ ಮೇಲೆ ಯಾರು ದಾಳಿ ಮಾಡ್ತಾರೆ?

ತಾನೇ ಹರಡುತ್ತಿದ್ದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಯಾರನ್ನೂ ಆರಿಸಲಿಲ್ಲ. 2017ರ ಮೇ 12ರಂದು ಶುರುವಾಗಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ತಗುಲಿತು. ಪ್ಯಾಚ್ ಹಾಕದೆ ನೆಟ್‌ವರ್ಕ್‌ನಲ್ಲಿ ಇದ್ದದ್ದಷ್ಟೇ ಅವುಗಳ ತಪ್ಪು. ಆ ಪ್ಯಾಚ್ ಎರಡು ತಿಂಗಳ ಮೊದಲೇ ಬಂದಿತ್ತು.

ಮೊಬೈಲ್, ಮ್ಯಾಕ್ ಇದ್ದರೆ ಸುರಕ್ಷಿತ ಅಲ್ವಾ?

ಮ್ಯಾಕ್‌ಗೂ ಸ್ಟೀಲರ್‌ಗಳಿವೆ. ಮೊಬೈಲ್‌ನಲ್ಲಿ ಲಿಂಕ್ ಕಳಿಸಿ ಆ್ಯಪ್ ಹಾಕಿಸುವ ಮೋಸವೇ ಜಾಸ್ತಿ. ಆ ಆ್ಯಪ್ ಎಸ್‌ಎಂಎಸ್ ಓದಲು, ಆಕ್ಸೆಸಿಬಿಲಿಟಿ (ಅಂಗವಿಕಲರ ನೆರವಿಗೆ ಇರುವ ಸೌಲಭ್ಯ) ಬಳಸಲು ಅನುಮತಿ ಕೇಳಿದರೆ ಅಲ್ಲೇ ನಿಲ್ಲಿ. ಆಕ್ಸೆಸಿಬಿಲಿಟಿ ಕೊಟ್ಟರೆ ಅದು ನಿಮ್ಮ ಪರದೆ ಓದುತ್ತದೆ, ನಿಮ್ಮ ಪರವಾಗಿ ಬಟನ್ ಕೂಡ ಒತ್ತುತ್ತದೆ.

ಈಗಲೇ ತಗುಲಿದೆ ಅನಿಸುತ್ತಿದೆ. ಮೊದಲು ಏನು ಮಾಡಲಿ?

ನೆಟ್ ಕಡಿಯಿರಿ. ವೈಫೈ ಆಫ್ ಮಾಡಿ, ಕೇಬಲ್ ಕೀಳಿ. ಕಚೇರಿಯಾದರೆ ಯಂತ್ರವನ್ನು ತಕ್ಷಣ ಆಫ್ ಮಾಡಬೇಡಿ, ಮೆಮೊರಿಯಲ್ಲಿ ಸುಳಿವು ಉಳಿದಿರುತ್ತದೆ. ಆದರೆ ಫೈಲ್ ಹೆಸರುಗಳು ಕಣ್ಣೆದುರೇ ಬದಲಾಗುತ್ತಿದ್ದು ನಿಲ್ಲಿಸಲು ಬೇರೆ ದಾರಿ ಇಲ್ಲದಿದ್ದರೆ ಪವರ್ ತೆಗೆದುಬಿಡಿ. ಉಳಿದಷ್ಟು ಫೈಲ್ ಉಳಿಯಲಿ.

ಆಮೇಲೆ ಇನ್ನೊಂದು ಸ್ವಚ್ಛ ಸಾಧನದಿಂದ ಪಾಸ್‌ವರ್ಡ್ ಬದಲಾಯಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಮಿಕ್ಕದ್ದು ಆಮೇಲೆ. ತಗುಲಿದ ಯಂತ್ರದಿಂದಲೇ ಬದಲಾಯಿಸಿದರೆ ಹೊಸ ಪಾಸ್‌ವರ್ಡೂ ಹೋಗಬಹುದು. ಕೊನೆಗೆ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕಿ. 'ಕ್ಲೀನ್' ಮಾಡಿ ಮುಂದುವರಿಸುವುದು ನನಗೆ ಹಿಡಿಸದ ದಾರಿ.

ಕದ್ದ ಡೇಟಾ ವಾಪಸ್ ತೆಗೆಸಬಹುದಾ?

ಇಲ್ಲ. 2023ರಲ್ಲಿ ಕ್ಲಾಪ್ ಎಂಬ ಗುಂಪು ಮೂವ್‌ಇಟ್ ಎಂಬ ಫೈಲ್ ಕಳಿಸುವ ಸಾಫ್ಟ್‌ವೇರಿನ ದೋಷ ಹಿಡಿದು 2,000ಕ್ಕೂ ಹೆಚ್ಚು ಸಂಸ್ಥೆಗಳ ಡೇಟಾ ಎತ್ತಿಕೊಂಡಿತು. ಏನನ್ನೂ ಲಾಕ್ ಮಾಡಲಿಲ್ಲ, ಪ್ರಕಟಿಸುತ್ತೇವೆ ಎಂದು ಬೆದರಿಸಿತು ಅಷ್ಟೇ. ಎಷ್ಟು ಒಳ್ಳೆಯ ಬ್ಯಾಕಪ್ ಇದ್ದರೂ ಇಂಥ ಕಡೆ ಪ್ರಯೋಜನ ಇಲ್ಲ.

ನಿಮ್ಮ ಇಮೇಲ್ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಎಂದು ಟ್ರಾಯ್ ಹಂಟ್ 2013ರಲ್ಲಿ ಶುರುಮಾಡಿದ 'ಹ್ಯಾವ್ ಐ ಬೀನ್ ಪೋನ್ಡ್' ಸೈಟಿನಲ್ಲಿ ನೋಡಬಹುದು. ಪಾಸ್‌ವರ್ಡ್ ಬದಲಾಯಿಸಬಹುದು, ಕಾರ್ಡ್ ಬದಲಾಯಿಸಬಹುದು. ಹುಟ್ಟಿದ ದಿನಾಂಕ, ಆರೋಗ್ಯದ ವರದಿ, ಬೆರಳಚ್ಚು ಬದಲಾಯಿಸೋಕಾಗಲ್ಲ. ಇಂಥದ್ದು ಹೋಗದಂತೆ ತಡೆಯುವ ಗಟ್ಟಿ ಉಪಾಯ ಅಂದರೆ ಬೇಡದ್ದನ್ನು ಇಟ್ಟುಕೊಳ್ಳದಿರುವುದು. ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಹಳೆಯ ಗುರುತಿನ ಚೀಟಿಗಳ ಸ್ಕ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಹಿ ಹಾಕಿದ ಫಾರಂ ಎಷ್ಟಿವೆ ನೋಡಿ. ಮೇಲ್‌ನ 'ಸೆಂಟ್' ಫೋಲ್ಡರನ್ನೂ ನೋಡಿ. ಕೆಲಸ ಮುಗಿದಿದ್ದರೆ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ.